ಗೃಹನವೀಕರಣದ ಗುತ್ತಿಗೆದಾರನ ಪೂರ್ವಪರೀಕ್ಷೆ: ಬೆಳಗಾವಿ ನಗರ ಮತ್ತು ಖಾನಾಪುರ

ಇರುವ ಮನೆಯನ್ನು ಕೆಡವದೆ, ಅದರ ಗೋಡೆ, ಮಾಡು, ನೆಲ, ನೀರು ಮತ್ತು ವಿದ್ಯುತ್ತಿನ ಮಾರ್ಗಗಳನ್ನು ದುರಸ್ತು ಮಾಡಿಯೋ ವಿಸ್ತರಿಸಿಯೋ ಹೊಸ ಬಾಳಿಕೆಗೆ ಅಣಿಗೊಳಿಸುವ ಕಾರ್ಯಕ್ಕೆ ಗೃಹನವೀಕರಣವೆಂದೂ, ಆ ಕಾರ್ಯವನ್ನು ಗೊತ್ತಾದ ಹಣಕ್ಕೆ ಗೊತ್ತಾದ ಅವಧಿಯಲ್ಲಿ ಪೂರೈಸಿಕೊಡುವೆನೆಂದು ಒಪ್ಪಿಕೊಳ್ಳುವವನಿಗೆ ಗುತ್ತಿಗೆದಾರನೆಂದೂ ಹೆಸರು. ಅವನ ಕೈಗೆ ಮನೆಯನ್ನೂ ಮುಂಗಡವನ್ನೂ ಒಪ್ಪಿಸುವುದಕ್ಕೆ ಮೊದಲು ಅವನ ಹಿಂದಿನ ಕೆಲಸ, ಕೈಕೆಳಗಿನ ಜನ, ವ್ಯವಹಾರಶುದ್ಧಿ ಮತ್ತು ಕಾಗದಪತ್ರಗಳನ್ನು ಕ್ರಮವಾಗಿ ವಿಚಾರಿಸಿ ತಿಳಿದುಕೊಳ್ಳುವುದೇ ಪೂರ್ವಪರೀಕ್ಷೆ. ಕರ್ನಾಟಕದಲ್ಲಿ ಖಾಸಗಿ ಮನೆಯ ದುರಸ್ತಿಯನ್ನು ಹಿಡಿಯುವವನು ಸರಕಾರದಿಂದ ಪರವಾನಗಿ ಪಡೆದಿರಲೇಬೇಕೆಂಬ ವಿಧಿಯಿಲ್ಲ. ಲೋಕೋಪಯೋಗಿ ಇಲಾಖೆಯು ಗುತ್ತಿಗೆದಾರರನ್ನು ದರ್ಜೆಗಳಾಗಿ ನೋಂದಾಯಿಸುವುದು ಸರಕಾರಿ ಕಾಮಗಾರಿಗಳಿಗಾಗಿ. ಆದುದರಿಂದ ಇತರ ಕಸುಬುಗಳಲ್ಲಿ ಪರವಾನಗಿ ಕೊಡುವ ಅಧಿಕಾರಿ ಮಾಡುವ ಕೆಲಸವನ್ನು ಇಲ್ಲಿ ಮನೆಯ ಯಜಮಾನರೇ ಮಾಡಬೇಕಾಗುತ್ತದೆ. ಬೆಳಗಾವಿ ನಗರದಲ್ಲಿಯೂ ಅದಕ್ಕೆ ದಕ್ಷಿಣದಲ್ಲಿ ಸುಮಾರು 26 ಕಿ.ಮೀ. ದೂರದಲ್ಲಿರುವ ಖಾನಾಪುರದಲ್ಲಿಯೂ ಈ ಪರೀಕ್ಷೆಗೆ ಮಳೆಯೆಂಬ ಸ್ವಾಭಾವಿಕವಾದ ಒರೆಗಲ್ಲು ದೊರಕಿದೆ.

ಪ್ರಾಚೀನ ವಿಚಾರ

ಕಟ್ಟುವವನ ಹೊಣೆಯನ್ನು ನಿಯಮದಿಂದ ಬಂಧಿಸಬೇಕೆಂಬ ಯೋಚನೆ ಬಹು ಪುರಾತನವಾದದ್ದು. ಕ್ರಿ.ಪೂ. 18ನೆಯ ಶತಮಾನದ ಬ್ಯಾಬಿಲೋನಿನ ಅರಸು ಹಮ್ಮುರಾಬಿಯ ಶಾಸನದಲ್ಲಿ, ಕಟ್ಟಿದ ಗೋಡೆ ಓರೆಯಾದರೆ ಕಟ್ಟಿದವನೇ ತನ್ನ ಸ್ವಂತ ಹಣದಿಂದ ಅದನ್ನು ಭದ್ರಪಡಿಸತಕ್ಕದ್ದೆಂಬ ವಿಧಿಯುಂಟು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರವು, ಕುಶಲಕರ್ಮಿಗಳು ಕೆಲಸದ ಸ್ಥಳ, ಕಾಲ ಮತ್ತು ಸ್ವರೂಪಗಳನ್ನು ಮೊದಲೇ ನಿಶ್ಚಯಿಸಿಕೊಂಡು ಅದರಂತೆ ಪೂರೈಸಬೇಕೆಂದು ವಿಧಿಸಿ, ಅಂಥ ನಿಶ್ಚಯವಿರಲಿಲ್ಲವೆಂಬ ನೆಪದಿಂದ ಕೆಲಸವನ್ನು ಮುಂದೂಡುವವರಿಗೆ ವೇತನದ ಕಾಲು ಭಾಗದ ನಷ್ಟವನ್ನೂ ದಂಡವನ್ನೂ ಹೇಳುತ್ತದೆ. ವಿಪತ್ತಿನಿಂದ ಆದ ವಿಳಂಬವನ್ನು ಮಾತ್ರ ಮನ್ನಿಸುತ್ತದೆ. ಇಂದಿನ ಕರಾರುಪತ್ರದ ಮೂರು ಮುಖ್ಯ ಅಂಗಗಳು ಆಗಲೇ ಅಲ್ಲಿ ಕಾಣುತ್ತವೆ.

ಬೆಳಗಾವಿಯ ಮಟ್ಟಿಗೆ ಹೇಳುವುದಾದರೆ, ವೇಣುಗ್ರಾಮವೆಂಬ ಹಳೆಯ ಹೆಸರಿನ ಈ ಊರಿನ ಕೋಟೆಯೊಳಗೆ ರಟ್ಟರ ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜನು 1204ರಲ್ಲಿ ಕಟ್ಟಿಸಿದ ಕಮಲ ಬಸದಿಯೂ, ಖಾನಾಪುರ ತಾಲ್ಲೂಕಿನ ಹಲಸಿಯಲ್ಲಿ ಗೋವೆಯ ಕದಂಬರ ಕಾಲದ ಭೂವರಾಹ ನರಸಿಂಹ ದೇವಾಲಯವೂ ಎಂಟು ನೂರಕ್ಕೂ ಮಿಕ್ಕಿದ ಮಳೆಗಾಲಗಳನ್ನು ಕಂಡು ಇಂದಿಗೂ ನಿಂತಿವೆ. ಆ ಕಲ್ಲುಕುಟಿಗರ ಯೋಗ್ಯತೆಗೆ ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಡ.

ನೆಲ, ಮಳೆ ಮತ್ತು ಸಾಮಗ್ರಿ

ಸಮುದ್ರಮಟ್ಟದಿಂದ ಸುಮಾರು 750 ಮೀ. ಎತ್ತರದಲ್ಲಿರುವ ಬೆಳಗಾವಿಯು ಸಹ್ಯಾದ್ರಿಯ ಮಗ್ಗುಲಲ್ಲಿದೆ. ಮಲಪ್ರಭೆ ಹುಟ್ಟುವ ಕಣಕುಂಬಿ ಮತ್ತು ಅದರ ನೆರೆಯ ಜಾಂಬೋಟಿಯ ಕಡೆ ಧಾರಾಕಾರವಾಗಿ ಸುರಿಯುವ ಮುಂಗಾರು, ಪೂರ್ವಕ್ಕೆ ಸರಿದಂತೆ ಬೇಗಬೇಗನೆ ಕ್ಷೀಣಿಸುತ್ತದೆ; ಜಿಲ್ಲೆಯ ಪೂರ್ವದ ತಾಲ್ಲೂಕುಗಳಿಗೆ ಅದು ಬಹು ಸ್ವಲ್ಪವಾಗಿ ಮುಟ್ಟುತ್ತದೆ. ಆದಕಾರಣ ಒಂದೇ ಜಿಲ್ಲೆಯ ಗುತ್ತಿಗೆದಾರರಲ್ಲಿಯೂ ಒಣನಾಡಿನಲ್ಲಿ ಪಳಗಿದವನಿಗೆ ಮಲೆನಾಡಿನ ಮಾಡಿನ ಇಳಿಜಾರು, ಸೂರಿನ ಚಾಚು, ಗೋಡೆಯ ತೇವ ಇವುಗಳ ಪರಿಚಯ ಕಡಿಮೆಯಾಗಿರುವುದು ಸಹಜ.

ಈ ಸೀಮೆಯ ಹಳೆಯ ಮನೆಗಳ ಗೋಡೆಗಳು ಬಹುಮಟ್ಟಿಗೆ ಜಂಬಿಟ್ಟಿಗೆ ಕಲ್ಲಿನವು. ಗಣಿಯಿಂದ ತೆಗೆದಾಗ ಕೊಡಲಿಗೂ ಬಗ್ಗುವಷ್ಟು ಮೆತ್ತಗಿದ್ದು ಗಾಳಿಗೆ ಒಡ್ಡಿದ ಮೇಲೆ ಗಡುಸಾಗುವ ಈ ಕಲ್ಲಿಗೆ ಫ್ರಾನ್ಸಿಸ್ ಬುಕಾನನ್ ತನ್ನ 1807ರ ಪ್ರವಾಸಗ್ರಂಥದಲ್ಲಿ, ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಶಬ್ದದಿಂದ ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟನು. ಕನ್ನಡದ ಹೆಸರಿನಲ್ಲಿಯೂ ಇಟ್ಟಿಗೆಯೇ ಕೂತಿರುವುದು ಗಮನಿಸತಕ್ಕ ಸಂಗತಿ. ಈ ಕಲ್ಲು ರಂಧ್ರಮಯವಾದದ್ದು, ನೀರನ್ನು ಹೀರುವುದು ಅದರ ಸ್ವಭಾವ. ಮಣ್ಣು ಅಥವಾ ಸುಣ್ಣದ ಗಾರೆಯಿಂದ ಕಟ್ಟಿದ ಇಂಥ ಗೋಡೆಯ ಮೇಲೆ ಗಟ್ಟಿ ಸಿಮೆಂಟಿನ ಗಿಲಾವನ್ನು ಬಳಿದರೆ ಒಳಗೆ ಸೇರಿದ ತೇವ ಹೊರಬರಲಾರದೆ ಗೋಡೆಯಲ್ಲಿಯೇ ಉಳಿದು, ಉಪ್ಪೊಡೆದು, ಗಿಲಾವು ಕಳಚುತ್ತದೆ. ತೇವದ ಮೂಲವನ್ನು ಹುಡುಕದೆ ಮೊದಲ ಭೇಟಿಯಲ್ಲಿಯೇ ಹೊಸ ಗಿಲಾವಿನ ದರವನ್ನು ಹೇಳುವವನು ಈ ಗೋಡೆಯನ್ನು ಅರಿತವನಲ್ಲ.

ಖಾನಾಪುರದ ಜೇಡಿಮಣ್ಣು ಹಂಚು, ಇಟ್ಟಿಗೆ ಮತ್ತು ಮಡಕೆಗಳಿಗೆ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಭಕಲಾ ಸಂಸ್ಥೆ ಇಲ್ಲಿರುವುದಕ್ಕೆ ಈ ಮಣ್ಣೇ ಕಾರಣ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹೆಸರಾದ ಮಂಗಳೂರು ಹಂಚಿನ ಮಾಡು ಇಲ್ಲಿಯೂ ರೂಢಿಯಾಯಿತು. ಹಂಚು ಸರಿಯಾಗಿ ಬೆಂದಿದ್ದರೆ ಬೆರಳಿನಿಂದ ಬಡಿದಾಗ ಗಂಟೆಯಂತೆ ನಾದ ಕೊಡುತ್ತದೆ. ಸಾಮಾನ್ಯ ಇಟ್ಟಿಗೆಯನ್ನು ಒಂದು ದಿನ ನೀರಿನಲ್ಲಿ ನೆನೆಸಿದರೆ ಅದು ತನ್ನ ತೂಕದ ಶೇ. 20ಕ್ಕಿಂತ ಹೆಚ್ಚು ನೀರನ್ನು ಹೀರಬಾರದು. ಯಜಮಾನರೇ ಮಾಡಿನೋಡಬಹುದಾದ ಪರೀಕ್ಷೆಗಳಿವು.

ಕಸುಬಿನವರು ಮತ್ತು ಗುತ್ತಿಗೆಯ ಬಗೆಗಳು

1956ರ ನವೆಂಬರ್ 1ರವರೆಗೆ ಮುಂಬಯಿ ರಾಜ್ಯಕ್ಕೆ ಸೇರಿದ್ದ ಈ ಜಿಲ್ಲೆಯಲ್ಲಿ ಕಟ್ಟಡದ ಕಸುಬಿನ ಮಾತುಗಳಲ್ಲಿ ಮರಾಠಿಯೂ ಕನ್ನಡವೂ ಬೆರೆತಿವೆ. ಕಟ್ಟುವವನು ಗೌಂಡಿ, ಮರಗೆಲಸದವನು ಬಡಿಗ, ಮರಳು ಉಸುಕು, ಜಲ್ಲಿ ಖಡಿ, ನೆಲಗಲ್ಲು ಫರಸಿ. ಉಸುಕು ಮತ್ತು ಖಡಿಯನ್ನು ಅಳೆಯುವ ಬ್ರಾಸ್ ಎಂಬ ಮಾನ 100 ಘನ ಅಡಿಗೆ ಸಮ. ಮೈಸೂರು ಸೀಮೆಯಿಂದ ಬಂದು ನೆಲೆಸಿದ ಕುಟುಂಬಗಳಿಗೆ ಈ ಮಾನ ಅಪರಿಚಿತವಾದುದರಿಂದ, ಅಂದಾಜುಪಟ್ಟಿಯಲ್ಲಿ ಪ್ರತಿ ಬಾಬಿನ ಎದುರಿಗೂ ಯಾವ ಮಾನವೆಂಬುದನ್ನು ಬರೆಯಿಸಿಕೊಳ್ಳುವುದು ಅವಶ್ಯ.

ಗುತ್ತಿಗೆಯಲ್ಲಿ ಮೂರು ಬಗೆಗಳುಂಟು. ಗೌಂಡಿಗೂ ಅವನ ಆಳುಗಳಿಗೂ ದಿನದ ಲೆಕ್ಕದಿಂದ ಪಗಾರ ಕೊಟ್ಟು, ಸಾಮಾನು ತಂದು, ಎದುರಿಗೆ ನಿಂತು ಮಾಡಿಸುವುದು ಮೊದಲನೆಯದು. ಸಣ್ಣ ದುರಸ್ತಿಗೆ ಇದೇ ಲೇಸು. ಸಾಮಾನು ಯಜಮಾನರದು, ಮಜೂರಿ ಮಾತ್ರ ಚದರಡಿಯ ಲೆಕ್ಕದಿಂದ ಗುತ್ತಿಗೆ ಎಂಬುದು ಎರಡನೆಯದು. ಇದರಲ್ಲಿ ಸಾಮಗ್ರಿಯ ಗುಣ ಯಜಮಾನರ ಕೈಯಲ್ಲಿರುತ್ತದೆ, ಆದರೆ ಪೋಲಾದರೆ ನಷ್ಟವೂ ಅವರದೇ. ಸಾಮಾನು ಮಜೂರಿಗಳೆರಡೂ ಗುತ್ತಿಗೆದಾರನವೇ ಆಗಿರುವುದು ಮೂರನೆಯದು. ನೌಕರಿಯ ನಿಮಿತ್ತ ಪುಣೆ, ಬೆಂಗಳೂರು ಅಥವಾ ಗೋವೆಯಲ್ಲಿ ಇದ್ದುಕೊಂಡು ಖಾನಾಪುರದ ಹಿರಿಯರ ಮನೆಯನ್ನು ದುರಸ್ತು ಮಾಡಿಸುವವರು ಸಾಮಾನ್ಯವಾಗಿ ಈ ಬಗೆಯನ್ನೇ ಹಿಡಿಯುತ್ತಾರೆ. ಪೂರ್ವಪರೀಕ್ಷೆಯು ಅತ್ಯಂತ ಅಗತ್ಯವಾಗುವುದೂ ಇಲ್ಲಿಯೇ.

ಪರೀಕ್ಷೆಯ ಕ್ರಮ

ಮೊದಲನೆಯ ಹೆಜ್ಜೆ ಗುತ್ತಿಗೆದಾರನದಲ್ಲ, ಯಜಮಾನರದು. ಏನನ್ನು ಮಾಡಿಸಬೇಕೆಂಬುದು ತಮಗೇ ಸ್ಪಷ್ಟವಿಲ್ಲದೆ ಮೂವರಿಂದ ದರ ಕೇಳಿದರೆ, ಮೂವರೂ ಮೂರು ಬೇರೆ ಬೇರೆ ಕೆಲಸಗಳಿಗೆ ದರ ಹೇಳುತ್ತಾರೆ. ಆ ದರಗಳನ್ನು ಹೋಲಿಸುವುದು ನಿರರ್ಥಕ. ಕೋಣೆ ಕೋಣೆಗೂ ಕೆಲಸವನ್ನು ಬರೆದು, ಅಳತೆಯನ್ನು ಹಾಕಿ, ಒಂದೇ ಪಟ್ಟಿಯನ್ನು ಮೂವರಿಗೂ ಕೊಡಬೇಕು. ಗೋಡೆ ತೆಗೆಯುವುದು, ಮಾಳಿಗೆ ಏರಿಸುವುದು ಮುಂತಾದ ಭಾರ ಹೊರುವ ಅಂಗಗಳ ಕೆಲಸವಿದ್ದರೆ ಪಟ್ಟಿಯನ್ನು ಎಂಜಿನಿಯರರಿಂದಲೇ ಮಾಡಿಸತಕ್ಕದ್ದು. ವಾಸ್ತುಶಿಲ್ಪಿ ಎಂದು ಹೇಳಿಕೊಳ್ಳುವವರು 1972ರ ವಾಸ್ತುಶಿಲ್ಪಿಗಳ ಅಧಿನಿಯಮದ ಮೇರೆಗೆ ವಾಸ್ತುಶಿಲ್ಪ ಪರಿಷತ್ತಿನಲ್ಲಿ ನೋಂದಣಿಯಾಗಿರಬೇಕು. ಮೂರು ದರಗಳಲ್ಲಿ ಒಂದು ಉಳಿದೆರಡಕ್ಕಿಂತ ಬಹಳ ಕೆಳಗಿದ್ದರೆ ಅದನ್ನು ಲಾಭವೆಂದು ಸಂತೋಷಪಡುವ ಮೊದಲು, ಬಿಟ್ಟುಹೋದ ಬಾಬು ಯಾವುದೆಂದು ಹುಡುಕಬೇಕು.

ಎರಡನೆಯದು ಹಿಂದಿನ ಕೆಲಸಗಳ ದರ್ಶನ. ಗುತ್ತಿಗೆದಾರನು ಮಾಡಿದ ಮೂರು ಮನೆಗಳನ್ನು ಕೇಳಿ ನೋಡಬೇಕು: ಈಗ ನಡೆಯುತ್ತಿರುವುದೊಂದು, ಹೋದ ವರ್ಷ ಮುಗಿದದ್ದೊಂದು, ಮೂರು ನಾಲ್ಕು ಮಳೆಗಾಲಗಳನ್ನು ಕಳೆದದ್ದೊಂದು. ಹೊಸದಾಗಿ ಬಣ್ಣ ಬಳಿದ ಮನೆ ಎಲ್ಲರ ಕೈಯಲ್ಲಿಯೂ ಚೆಂದವಾಗಿಯೇ ಕಾಣುತ್ತದೆ. ಬಣ್ಣದ ಕೆಳಗಿನ ಸತ್ಯವನ್ನು ಹೊರಗೆ ತರುವುದು ಶ್ರಾವಣದ ಜಡಿಮಳೆ. ಸ್ಲ್ಯಾಬು ಗೋಡೆಗೆ ಕೂಡುವ ಸಂದು, ಕಿಟಕಿಯ ಕೆಳಗಿನ ಮೂಲೆ, ಬಚ್ಚಲುಮನೆಯ ಹಿಂದಿನ ಗೋಡೆ, ಹಂಚಿನ ಮಾಡಿನ ಕಣಿವೆ, ಹಳೆಯ ಗೋಡೆಗೆ ಹೊಸ ಗೋಡೆ ಸೇರುವ ಗೆರೆ, ಈ ಐದು ಸ್ಥಳಗಳಲ್ಲಿ ಕಲೆಯಾಗಲಿ ಬಿರುಕಾಗಲಿ ಉಂಟೇ ಎಂದು ನೋಡುವುದಕ್ಕೆ ಹೆಚ್ಚಿನ ಪಾಂಡಿತ್ಯ ಬೇಕಾಗಿಲ್ಲ. 2019ರ ಆಗಸ್ಟಿನ ಮಹಾವೃಷ್ಟಿಯಲ್ಲಿ ಈ ಜಿಲ್ಲೆಯ ಅಸಂಖ್ಯ ಮನೆಗಳು ಕುಸಿದುವು. ಅದಕ್ಕೂ ಮೊದಲು ಅವನು ಮಾಡಿದ ಕೆಲಸವೊಂದು ಆ ಮಳೆಯನ್ನು ತಡೆದು ನಿಂತಿದ್ದರೆ ಅದನ್ನು ವಿಶೇಷವಾಗಿ ಎಣಿಸಬೇಕು.

ಮನೆಯ ಯಜಮಾನರೊಡನೆ, ಸಾಧ್ಯವಾದರೆ ದಿನವೂ ಆ ಮನೆಯಲ್ಲಿ ಅಡಿಗೆ ನೀರು ನೋಡುವ ಹೆಂಗಸರೊಡನೆ, ಗುತ್ತಿಗೆದಾರನು ಎದುರಿಗಿಲ್ಲದಾಗ ಮಾತನಾಡುವುದು ಯೋಗ್ಯ. ಹೇಳಿದ ತಿಂಗಳಿಗೆ ಮುಗಿಸಿದನೇ, ಒಪ್ಪಿದ ಹಣ ಬೆಳೆಯಿತೇ, ಬೆಳೆದಿದ್ದರೆ ಮೊದಲೇ ಹೇಳಿ ಬೆಳೆಸಿದನೇ, ಕೆಲಸ ಮುಗಿದ ಮೇಲೆ ಸೋರಿತೆಂದು ಕರೆದಾಗ ಬಂದನೇ ಎಂಬ ನಾಲ್ಕು ಪ್ರಶ್ನೆಗಳಲ್ಲಿ ಕೊನೆಯದೇ ಪ್ರಧಾನವಾದದ್ದು. ತಪ್ಪು ಒಳ್ಳೆಯ ಕಸುಬುಗಾರನ ಕೈಯಿಂದಲೂ ಆದೀತು. ಕರೆದಾಗ ಬರುವುದು ಅವನ ಶೀಲ.

ಮೂರನೆಯದು ನಡೆಯುತ್ತಿರುವ ಕೆಲಸದ ವೀಕ್ಷಣೆ. ಸಿಮೆಂಟಿನ ಚೀಲಗಳು ನೆಲದ ತೇವಕ್ಕೆ ತಾಗದಂತೆ ಹಲಗೆಯ ಮೇಲಿವೆಯೇ, ಉಸುಕು ಸೋಸಿದ್ದೇ, ಅಟ್ಟಣಿಗೆ ಭದ್ರವೇ, ಎತ್ತರದಲ್ಲಿ ದುಡಿಯುವವರಿಗೆ ರಕ್ಷಣೆಯುಂಟೇ ಎಂಬುದನ್ನು ನೋಡಿ, ಸಂಭಾಷಣೆಯ ನಡುವೆ ಕೆಲವು ಪ್ರಶ್ನೆಗಳನ್ನು ಕೇಳಬೇಕು. ಕಾಂಕ್ರೀಟಿಗೆ ಎಷ್ಟು ದಿನ ನೀರುಣಿಸುತ್ತೀರಿ ಎಂದು ಕೇಳಿದರೆ, ಸಾಧಾರಣ ಸಿಮೆಂಟಿಗೆ ಏಳು ದಿನಕ್ಕೆ ಕಡಿಮೆಯಿಲ್ಲದಂತೆ, ಮಿಶ್ರ ಸಿಮೆಂಟಿಗೆ ಹತ್ತು ದಿನಕ್ಕೆ ಕಡಿಮೆಯಿಲ್ಲದಂತೆ ಎಂಬುದು ಭಾರತೀಯ ಮಾನಕ 456ರ ಉತ್ತರ. ತೊಲೆಯ ಕೆಳಗಿನ ಸೆಂಟ್ರಿಂಗಿನ ಆಧಾರಕಂಬಗಳನ್ನು ತೆಗೆಯುವುದಕ್ಕೆ ಆರು ಮೀಟರಿನವರೆಗಿನ ಹರವಿಗೆ 14 ದಿನ, ಅದಕ್ಕೂ ಮಿಕ್ಕರೆ 21 ದಿನ ಬೇಕೆಂಬುದೂ ಅದೇ ಮಾನಕದ ಮಾತು. ಸಂಖ್ಯೆಗಳನ್ನು ಬಾಯಿಪಾಠ ಹೇಳದಿದ್ದರೂ ಚಿಂತೆಯಿಲ್ಲ. ಇವುಗಳಿಗೆ ಕಾರಣವುಂಟೆಂದು ತಿಳಿದವನ ಉತ್ತರ ಬೇರೆಯಾಗಿಯೇ ಇರುತ್ತದೆ.

ನಾಲ್ಕನೆಯದು ಪೇಟೆಯ ಸಾಕ್ಷ್ಯ. ಸಿಮೆಂಟು, ಕಬ್ಬಿಣ, ಫರಸಿಗಳ ಅಂಗಡಿಯವರಿಗೆ ಯಾವ ಗುತ್ತಿಗೆದಾರನ ಬಾಕಿ ಎಷ್ಟು ದಿನ ನಿಲ್ಲುತ್ತದೆ ಎಂಬುದು ಗೊತ್ತಿರುತ್ತದೆ. ವಾರದ ಪಗಾರವನ್ನು ಸಂತೆಯ ದಿನ ತಪ್ಪದೆ ಕೊಡುವವನ ಬಳಿ ಗೌಂಡಿಗಳು ವರ್ಷಾನುಗಟ್ಟಲೆ ನಿಲ್ಲುತ್ತಾರೆ. ಪ್ರತಿ ಕೆಲಸಕ್ಕೂ ಹೊಸ ಮುಖಗಳೇ ಕಾಣುತ್ತಿದ್ದರೆ ಕಾರಣವನ್ನು ವಿಚಾರಿಸಬೇಕು. ಕೈಯಲ್ಲಿ ಎಷ್ಟು ಕೆಲಸಗಳಿವೆ, ತಾನೇ ಬಂದು ನಿಲ್ಲುವನೋ ಮತ್ತೊಬ್ಬನಿಗೆ ಒಳಗುತ್ತಿಗೆ ಕೊಡುವನೋ ಎಂಬುದನ್ನೂ ಈಗಲೇ ಕೇಳಬೇಕು. ಒಬ್ಬರ ಮುಂಗಡದಿಂದ ಇನ್ನೊಬ್ಬರ ಮನೆಯನ್ನು ಮುಗಿಸುವ ಗುತ್ತಿಗೆದಾರನಲ್ಲಿ ಎಲ್ಲಿಯೋ ಒಂದು ಮನೆ ಅರ್ಧಕ್ಕೆ ನಿಲ್ಲುವುದು ಅನಿವಾರ್ಯ.

ಕಾಗದಪತ್ರಗಳು

ಗುರುತು ಮತ್ತು ವಿಳಾಸದ ಪತ್ರಗಳಲ್ಲದೆ, 2017ರ ಜುಲೈ 1ರಿಂದ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ನೋಂದಣಿಸಂಖ್ಯೆಯನ್ನು ನೋಡುವುದುಂಟು. 15 ಅಕ್ಷರಗಳ ಈ ಸಂಖ್ಯೆಯ ಮೊದಲೆರಡು ಅಂಕೆಗಳು ರಾಜ್ಯವನ್ನು ಸೂಚಿಸುತ್ತವೆ: ಕರ್ನಾಟಕಕ್ಕೆ 29, ಮಹಾರಾಷ್ಟ್ರಕ್ಕೆ 27, ಗೋವೆಗೆ 30. ಮೂರು ರಾಜ್ಯಗಳ ಗುತ್ತಿಗೆದಾರರೂ ಬರುವ ಈ ಗಡಿಸೀಮೆಯಲ್ಲಿ ಇದು ಉಪಯುಕ್ತವಾದ ತಿಳಿವಳಿಕೆ. ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿಗೆ ಒಳಗಿರುವವನಿಗೆ ಈ ನೋಂದಣಿ ಕಡ್ಡಾಯವಲ್ಲದ ಕಾರಣ, ಸಣ್ಣ ಗುತ್ತಿಗೆದಾರನಲ್ಲಿ ಅದು ಇಲ್ಲದಿರುವುದನ್ನು ದೋಷವೆಂದು ಎಣಿಸಲಾಗದು. ಆದರೆ ನೋಂದಣಿಯಿಲ್ಲದವನು ತೆರಿಗೆ ಕೂಡಿಸಿ ಬಿಲ್ಲು ಬರೆಯುವಂತಿಲ್ಲ. ವಿದ್ಯುತ್ತಿನ ಕೆಲಸವನ್ನು ವಿದ್ಯುತ್ ಪರಿವೀಕ್ಷಣಾಲಯದ ಪರವಾನಗಿಯುಳ್ಳವರಿಂದಲೇ ಮಾಡಿಸಬೇಕು. 1996ರ ಕೇಂದ್ರ ಕಾಯಿದೆಯ ಫಲವಾಗಿ ರಾಜ್ಯದಲ್ಲಿ ಸ್ಥಾಪಿತವಾದ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಗುರುತಿನ ಚೀಟಿ ಆಳುಗಳಲ್ಲಿ ಉಂಟೇ ಎಂದು ಕೇಳುವುದು ಮನುಷ್ಯಧರ್ಮ.

ಖಾನಾಪುರದಲ್ಲಿ ಮರದ ವಿಚಾರಕ್ಕೆ ಪ್ರತ್ಯೇಕ ಲಕ್ಷ್ಯ ಬೇಕು. ಭೀಮಗಡ ವನ್ಯಜೀವಿಧಾಮವನ್ನೊಳಗೊಂಡ ಈ ಅರಣ್ಯಪ್ರದೇಶದಲ್ಲಿ ಜಂತಿ, ರೀಪು, ಬಾಗಿಲುಗಳಿಗೆ ಬರುವ ಮರಕ್ಕೆ ಬಿಲ್ಲು ಮತ್ತು ಸಾಗಣೆಯ ರಹದಾರಿ ಇರತಕ್ಕದ್ದು. ಅಗ್ಗವೆಂದು ಕಾಗದವಿಲ್ಲದ ಮರವನ್ನು ಕೊಳ್ಳುವವರು ಕಾಡಿಗೂ ತಮಗೂ ಕೇಡನ್ನು ತಂದುಕೊಳ್ಳುತ್ತಾರೆ.

ಸ್ಥಳೀಯ ಅನುಮತಿ

ಮನೆ ಯಾವ ಆಡಳಿತದ ಸೀಮೆಯಲ್ಲಿದೆ ಎಂಬುದು ಗುತ್ತಿಗೆದಾರನಿಗೆ ಗೊತ್ತಿರಬೇಕು. ಟಿಳಕವಾಡಿ, ಶಹಾಪುರ, ವಡಗಾವಿ, ಅನಗೋಳ ಮುಂತಾದ ಭಾಗಗಳು 1976ರ ಪೌರನಿಗಮಗಳ ಅಧಿನಿಯಮಕ್ಕೊಳಪಟ್ಟ ಮಹಾನಗರ ಪಾಲಿಕೆಗೆ ಸೇರಿವೆ. ಕ್ಯಾಂಪ್ ಪ್ರದೇಶವು 2006ರ ದಂಡುಪ್ರದೇಶಗಳ ಅಧಿನಿಯಮದ ಮೇರೆಗೆ ಕಂಟೋನ್ಮೆಂಟ್ ಮಂಡಳಿಗೆ ಸೇರಿದೆ. ಖಾನಾಪುರ ಊರು ಪಟ್ಟಣ ಪಂಚಾಯಿತಿಗೂ ಸುತ್ತಲಿನ ಹಳ್ಳಿಗಳು ತಂತಮ್ಮ ಗ್ರಾಮ ಪಂಚಾಯಿತಿಗಳಿಗೂ ಒಳಪಟ್ಟಿವೆ. ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀ. ವರೆಗೆ ನಿಷೇಧಿತ, ಆಚೆಯ 200 ಮೀ. ವರೆಗೆ ನಿಯಂತ್ರಿತ ಪ್ರದೇಶವೆಂದು ಸ್ಮಾರಕಗಳ ಕಾಯಿದೆಯ 2010ರ ತಿದ್ದುಪಡಿ ಗೊತ್ತುಮಾಡಿರುವುದರಿಂದ, ಅಂಥ ಸ್ಮಾರಕಗಳ ನೆರೆಯ ಮನೆಗಳವರು ದುರಸ್ತಿಗೂ ಮುಂಚಿತವಾಗಿ ಅಪ್ಪಣೆ ಪಡೆಯಬೇಕು. ಬಣ್ಣ, ಗಿಲಾವು, ಫರಸಿಗಳು ಸಾಧಾರಣ ದುರಸ್ತಿಯೆನಿಸಿದರೂ ಗೋಡೆ ಸರಿಸುವುದು, ಮಾಳಿಗೆ ಏರಿಸುವುದು ಹಾಗಲ್ಲ. ಅನುಮತಿಯ ಗೊಡವೆ ಬೇಡವೆಂದು ಧೈರ್ಯ ಹೇಳುವವನು, ನೋಟೀಸು ಬಂದಾಗ ಜೊತೆಗಿರುವುದಿಲ್ಲ.

ಕರಾರುಪತ್ರ ಮತ್ತು ಹಣಸಂದಾಯ

1872ರ ಭಾರತೀಯ ಕರಾರು ಅಧಿನಿಯಮದಂತೆ ಬಾಯಿಮಾತಿನ ಒಪ್ಪಂದವೂ ಕರಾರೇ ಆದರೂ, ಅದನ್ನು ರುಜುವಾತುಪಡಿಸುವುದು ಕಷ್ಟ. 2016ರ ಸ್ಥಿರಾಸ್ತಿ ಕಾಯಿದೆಯು ಮಾರಾಟದ ಯೋಜನೆಗಳ ಕಟ್ಟಡದೋಷಕ್ಕೆ ಐದು ವರ್ಷಗಳ ಹೊಣೆಯನ್ನು ಹೊರಿಸಿದೆಯಾದರೂ, ಮಾರಾಟಕ್ಕಲ್ಲದ ದುರಸ್ತಿ ನವೀಕರಣಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿರಿಸಿದೆ. ಎಂದರೆ, ಸ್ವಂತ ಮನೆಯನ್ನು ನವೀಕರಿಸುವವರಿಗೆ ದೋಷದ ಹೊಣೆಯ ಅವಧಿಯನ್ನು ಆ ಕಾಯಿದೆ ಕೊಡುವುದಿಲ್ಲ. ಅದನ್ನು ಕರಾರಿನಲ್ಲಿ ತಾವೇ ಬರೆಯಿಸಿಕೊಳ್ಳಬೇಕು. ಕೆಲಸದ ಪಟ್ಟಿ, ಸಾಮಗ್ರಿಯ ಹೆಸರು ಮತ್ತು ದರ್ಜೆ, ಆರಂಭ ಮತ್ತು ಮುಕ್ತಾಯದ ದಿನ, ಹೆಚ್ಚುವರಿ ಕೆಲಸಕ್ಕೆ ಮೊದಲು ಬರಹದ ಒಪ್ಪಿಗೆ, ವಿಳಂಬದ ಪರಿಹಾರ, ದೋಷದ ಹೊಣೆ ಇವು ಎರಡೂ ಪಕ್ಷದವರಿಗೆ ತಿಳಿಯುವ ಭಾಷೆಯಲ್ಲಿ, ಕನ್ನಡವೋ ಮರಾಠಿಯೋ, ಇರಬೇಕು. ಇದಕ್ಕೆ ಸಹಿ ಹಾಕಲು ಗುತ್ತಿಗೆದಾರನು ಹಿಂಜರಿದರೆ ಅದೇ ಪೂರ್ವಪರೀಕ್ಷೆಯ ಅಂತಿಮ ಫಲಿತಾಂಶ.

ಹಣವು ಕೆಲಸದ ಹಿಂದೆ ನಡೆಯಬೇಕು, ಮುಂದೆ ಓಡಬಾರದು. ಮುಂಗಡ ಶೇ. 10ರ ಆಸುಪಾಸಿನಲ್ಲಿದ್ದು, ಉಳಿದದ್ದು ಅಳತೆಗೆ ಸಿಕ್ಕುವ ಹಂತಗಳಲ್ಲಿ, ಬ್ಯಾಂಕಿನ ಮೂಲಕ ಸಲ್ಲುವುದು ಉತ್ತಮ. ಸರಕಾರಿ ಕಾಮಗಾರಿಗಳಲ್ಲಿ ಪ್ರತಿ ಬಿಲ್ಲಿನಿಂದಲೂ ಒಂದು ಅಂಶವನ್ನು ಹಿಡಿದಿಟ್ಟು ದೋಷದ ಅವಧಿ ಕಳೆದ ಮೇಲೆ ಬಿಡುಗಡೆ ಮಾಡುವ ಪದ್ಧತಿಯುಂಟು; ಅದನ್ನು ಮನೆಯ ಕೆಲಸಕ್ಕೂ ಅನ್ವಯಿಸಿ, ಕೊನೆಯ ಶೇ. 5ರಿಂದ 10ರಷ್ಟನ್ನು ಮೊದಲ ಮಳೆಗಾಲ ಮುಗಿಯುವವರೆಗೆ ಉಳಿಸಿಕೊಳ್ಳುವುದು ಈ ಸೀಮೆಗೆ ಹೇಳಿಮಾಡಿಸಿದ ಕ್ರಮ. ದೀಪಾವಳಿಯ ನಂತರ ಆರಂಭಿಸಿದ ಕೆಲಸವನ್ನು ಮೇ ತಿಂಗಳಿನೊಳಗೆ ಮುಗಿಸಿದರೆ ಪರೀಕ್ಷಕನಾದ ಮುಂಗಾರು ತಾನಾಗಿಯೇ ಬಾಗಿಲಿಗೆ ಬರುತ್ತದೆ.

ವಿವಾದದ ಪರಿಹಾರ

ಗೃಹನಿರ್ಮಾಣವೂ ಗ್ರಾಹಕ ಕಾನೂನಿನ ಅರ್ಥದಲ್ಲಿ ಸೇವೆಯೇ ಎಂದು ಸರ್ವೋಚ್ಚ ನ್ಯಾಯಾಲಯವು ಲಖನೌ ಅಭಿವೃದ್ಧಿ ಪ್ರಾಧಿಕಾರದ ಮೊಕದ್ದಮೆಯಲ್ಲಿ 1993ರಲ್ಲಿ ತೀರ್ಮಾನಿಸಿತು. 2020ರ ಜುಲೈಯಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ದೂರನ್ನು ಎರಡು ವರ್ಷಗಳೊಳಗೆ ಸಲ್ಲಿಸಬೇಕು. ಕೊಟ್ಟ ಹಣ 50 ಲಕ್ಷ ರೂಪಾಯಿಯವರೆಗಿದ್ದರೆ ಜಿಲ್ಲಾ ಆಯೋಗವೇ ವಿಚಾರಿಸುತ್ತದೆ, ಐದು ಲಕ್ಷದವರೆಗೆ ಶುಲ್ಕವೂ ಇಲ್ಲ. ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದಾದುದರಿಂದ, ಕೊಲ್ಲಾಪುರದಿಂದಲೋ ಪಣಜಿಯಿಂದಲೋ ಬಂದ ಗುತ್ತಿಗೆದಾರನನ್ನೂ ಬೆಳಗಾವಿಯ ಆಯೋಗದ ಮುಂದೆ ನಿಲ್ಲಿಸಬಹುದು. ರಾಜಿಗೆ ಮನಸ್ಸಿದ್ದರೆ 1987ರ ಕಾಯಿದೆಯಡಿ ನಡೆಯುವ ಲೋಕ ಅದಾಲತ್ತು ಸುಲಭದ ಹಾದಿ. ಅದರ ತೀರ್ಪಿಗೆ ನ್ಯಾಯಾಲಯದ ಡಿಕ್ರಿಯ ಬಲವುಂಟು.

ಉಭಯ ಪಕ್ಷಗಳ ಹೊಣೆ

ಪೂರ್ವಪರೀಕ್ಷೆಯನ್ನು ಸಂಶಯದ ಕಾರ್ಯವೆಂದು ಭಾವಿಸಬಾರದು. ಒಳ್ಳೆಯ ಗುತ್ತಿಗೆದಾರನು ತನ್ನ ಹಳೆಯ ಕೆಲಸಗಳನ್ನು ತಾನಾಗಿಯೇ ತೋರಿಸುತ್ತಾನೆ. ತೋರಿಸಬೇಕೆಂಬ ಕೋರಿಕೆಯಿಂದ ಅವನ ಗೌರವ ಹೆಚ್ಚುತ್ತದೆ. ಅವನಿಗೂ ಯಜಮಾನರನ್ನು ಪರೀಕ್ಷಿಸುವ ಹಕ್ಕುಂಟು: ದಿನಕ್ಕೊಂದು ಬದಲಾವಣೆ ಹೇಳುವವರು, ಮುಗಿದ ಹಂತದ ಹಣವನ್ನು ತಡೆಯುವವರು ಗೌಂಡಿಯ ಮಕ್ಕಳ ಊಟವನ್ನು ತಡೆದಂತೆಯೇ ಸರಿ. ಆದುದರಿಂದ ಮನೆಯನ್ನು ನವೀಕರಿಸಬಯಸುವವರು ಗುತ್ತಿಗೆದಾರನ ಮಾತಿಗಿಂತ ಅವನ ಗೋಡೆಯನ್ನು ನಂಬಲಿ, ಒಂದು ಮಳೆಗಾಲವನ್ನಾದರೂ ಕಂಡ ಕೆಲಸವನ್ನು ಕಣ್ಣಾರೆ ನೋಡಿದ ಮೇಲೆಯೇ ಮುಂಗಡ ಕೊಡಲಿ, ಮತ್ತು ಮುಂದಿನ ಮಳೆಗಾಲದಲ್ಲಿ ಮನೆ ಸೋರದಿದ್ದರೆ ಉಳಿಸಿಕೊಂಡ ಹಣವನ್ನು ಕೇಳುವ ಮೊದಲೇ ಅವನ ಕೈಗೆ ಮುಟ್ಟಿಸಲಿ.